ತೋಟದ ರಸ್ತೆಗೆ ಸಾಧಾರಣ ಕಾರನ್ನು ಒಗ್ಗಿಸುವ ಬಗೆ



ಈ ಪುಟಗಳಲ್ಲಿ ಕೊಳೆರೋಗ, ಕಾಂಡಕೊರಕ, ಗೊಬ್ಬರದ ದಾಸ್ತಾನು ಇತ್ಯಾದಿ ವಿಷಯಗಳನ್ನು ಬರೆಯುವುದು ವಾಡಿಕೆ. ಈ ಸಲ ಕಾರಿನ ವಿಚಾರ ಬರೆಯಲು ಕಾರಣವಿದೆ. ಕಳೆದ ಮಹಾಸಭೆಯ ದಿನ ಸಂಘದ ಅಂಗಳದಲ್ಲಿ ನಿಂತಿದ್ದ ವಾಹನಗಳನ್ನು ಸುಮ್ಮನೆ ಎಣಿಸಿದೆ. ಜೀಪುಗಳು ನಾಲ್ಕು, ಪಿಕಪ್ಪುಗಳು ಆರು. ಉಳಿದವೆಲ್ಲ ಪೇಟೆಯ ಕಾರುಗಳು. ಅವುಗಳಲ್ಲೂ ಹಿಂದೆ ಡಿಕ್ಕಿಯಿರುವ ಉದ್ದನೆಯ ಕಾರುಗಳೇ ಹೆಚ್ಚು. ಇವು ನಮ್ಮಲ್ಲಿಗೆ ಹೇಗೆ ಬಂದವೆಂಬುದೇನೂ ಗುಟ್ಟಲ್ಲ. ಬೆಂಗಳೂರಿನಲ್ಲಿರುವ ಮಗ ಹೊಸ ಕಾರು ಕೊಳ್ಳುತ್ತಾನೆ. ಹಳೆಯದಕ್ಕೆ ಸರಿಯಾದ ಬೆಲೆ ಬಾರದೆ, “ಅಪ್ಪಯ್ಯ, ಇದು ನಿಮಗೇ ಇರಲಿ” ಎಂದು ಹಬ್ಬಕ್ಕೆ ಬಂದವನು ಅಂಗಳದಲ್ಲಿ ಬಿಟ್ಟು ಬಸ್ಸಿನಲ್ಲಿ ಹಿಂತಿರುಗುತ್ತಾನೆ. ಮೂರು ನಾಲ್ಕು ಎಕರೆಯ ಹಿಡುವಳಿದಾರನಿಗೆ ನಾಲ್ಕೂ ಚಕ್ರ ಎಳೆಯುವ ಜೀಪು ಕೊಳ್ಳುವುದು ಆಗುವ ಮಾತಲ್ಲ. ಆದ್ದರಿಂದ ಆ ಕಾರೇ ನಮ್ಮ ಮಳೆಗಾಲದ ವಾಹನವೂ ಆಗಿಬಿಟ್ಟಿದೆ.

ನನ್ನ ಮನೆಗೂ 2018ರಲ್ಲಿ ಅಂಥದ್ದೊಂದು ಬಂತು. ಮರುವರ್ಷ, ಅಂದರೆ 2019ರ ಆಗಸ್ಟ್ ತಿಂಗಳ ಮಳೆಯನ್ನು ನಮ್ಮಲ್ಲಿ ಯಾರೂ ಮರೆತಿರಲಾರರು. ಅಂಥ ಒಂದು ರಾತ್ರಿ ಹತ್ತು ಗಂಟೆಗೆ ಅಮ್ಮನಿಗೆ ಎದೆನೋವು ಕಾಣಿಸಿಕೊಂಡಿತು. ಮನೆಯಿಂದ ಟಾರು ರಸ್ತೆಗೆ ಎರಡು ಕಿಲೋಮೀಟರಿಗೆ ಸ್ವಲ್ಪ ಕಡಿಮೆ ದೂರ. ಹೊರಟು ಅರ್ಧ ದಾರಿಯಲ್ಲಿ ಕಾರಿನ ಅಡಿಗೆ ‘ಧಡ್’ ಎಂದು ಪೆಟ್ಟು ಬಿತ್ತು. ಒಂದು ನಿಮಿಷದಲ್ಲಿ ಎಣ್ಣೆಡಬ್ಬಿಯ ಗುರುತಿನ ಕೆಂಪು ದೀಪ ಹತ್ತಿಕೊಂಡಿತು. ಅದರ ಅರ್ಥ ನನಗೆ ಗೊತ್ತಿತ್ತು. ಆದರೂ ಹೇಗಾದರೂ ಟಾರು ರಸ್ತೆಯವರೆಗೆ ಮುಟ್ಟಿಬಿಡೋಣವೆಂದು ಓಡಿಸಿದೆ. ಮುಟ್ಟಲಿಲ್ಲ. ಚೇಂಬರ್ ಒಡೆದು ಎಣ್ಣೆಯೆಲ್ಲ ಸೋರಿ ಎಂಜಿನ್ ಹಿಡಿದುಕೊಂಡಿತು. ಪಕ್ಕದ ತೋಟದವರನ್ನು ಎಬ್ಬಿಸಿ, ಅವರ ಜೀಪಿನಲ್ಲಿ ಅಮ್ಮನನ್ನು ಆಸ್ಪತ್ರೆಗೆ ಸೇರಿಸುವಾಗ ಮುಕ್ಕಾಲು ಗಂಟೆ ತಡವಾಗಿತ್ತು. ಅಮ್ಮ ಉಳಿದರು. ಎಂಜಿನ್ ರಿಪೇರಿಗೆ ಹತ್ತಿರ ಹತ್ತಿರ ಎರಡು ಕ್ವಿಂಟಾಲ್ ರಾಶಿ ಅಡಿಕೆಯ ಹಣ ಹೋಯಿತು. ಪೆಟ್ಟು ಬಿದ್ದ ಮೇಲೂ ಓಡಿಸಿದ್ದರಿಂದ ಆದ ನಷ್ಟವೆಂಬ ಕಾರಣಕ್ಕೆ ವಿಮೆಯ ಹಣವೂ ಬರಲಿಲ್ಲ. ಅದನ್ನು ತಪ್ಪೆಂದು ಹೇಳುವಂತಿಲ್ಲ.

ಆ ಬಳಿಕ ಪ್ರತಿ ಮಳೆಗಾಲದಲ್ಲೂ ಒಂದಿಷ್ಟು ಕಲಿತಿದ್ದೇನೆ. ಕೆಲವು ಸಂಗತಿಗಳಿಗೆ ವೃಥಾ ಹಣ ಸುರಿದು, ಕೆಲವನ್ನು ಹಾಕಿಸಿ ಮತ್ತೆ ಬಿಚ್ಚಿಸಿ ಕಲಿತದ್ದು. ಸದಸ್ಯರಿಗೆ ಅದರಿಂದ ಉಪಯೋಗವಾದೀತೆಂದು ಇಲ್ಲಿ ಬರೆದಿದ್ದೇನೆ.

ಮೊದಲು ಒಂದು ಮಾತು. ಕಾರು ಎಷ್ಟು ಮಾಡಿದರೂ ಜೀಪು ಆಗುವುದಿಲ್ಲ. ಗ್ಯಾರೇಜಿನಲ್ಲಿ ಎತ್ತರಿಸಿ, ದಪ್ಪ ಟಯರು ಹಾಕಿ, ಮುಂದೆ ಕಬ್ಬಿಣದ ಕೊಳವೆ ಕಟ್ಟಿದರೆ ನೋಡುವವರಿಗೆ ಜೀಪಿನಂತೆ ಕಂಡೀತು. ತೋಟದ ರಸ್ತೆಯಲ್ಲಿ ಕಾರು ಸೋಲುವುದು ಮೂರು ಕಡೆ ಮಾತ್ರ: ಹೊಟ್ಟೆ ತಾಗುತ್ತದೆ, ಚಕ್ರ ಜಾರುತ್ತದೆ, ನೀರು ಒಳಹೋಗುತ್ತದೆ. ಮೊದಲನೆಯ ಎರಡಕ್ಕೆ ಅಲ್ಪ ಖರ್ಚಿನಲ್ಲಿ ಪರಿಹಾರವುಂಟು. ಮೂರನೆಯದಕ್ಕೆ ಹಣದಿಂದ ಆಗುವಂಥದ್ದೇನಿಲ್ಲ, ನಿಲ್ಲಿಸುವ ವಿವೇಕವೊಂದೇ.

ಹೊಟ್ಟೆಯ ವಿಷಯ. ನಮ್ಮ ಕಡೆ ಹೆಚ್ಚಾಗಿ ಕಾಣುವ ಮಾರುತಿ ಡಿಜೈರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದರ ನೆಲದಂತರ 163 ಮಿಲಿಮೀಟರ್ ಎಂದು ಕಂಪೆನಿ ಹೇಳುತ್ತದೆ. ಆದರೆ ಐದು ಜನ ಕುಳಿತು, ಡಿಕ್ಕಿಯಲ್ಲಿ ಎರಡು ಮೂಟೆ ಇದ್ದಾಗ ಸ್ಪ್ರಿಂಗುಗಳು ಕುಗ್ಗಿ ಮೂರು ನಾಲ್ಕು ಸೆಂಟಿಮೀಟರು ಸುಲಭವಾಗಿ ಕಳೆದುಹೋಗುತ್ತದೆ. ಹಳೆಯ ಕಾರಾದರೆ ಖಾಲಿ ಇರುವಾಗಲೇ ಅಷ್ಟು ಕುಗ್ಗಿರುತ್ತದೆ. ಉಳಿದದ್ದು ಒಂದು ಗೇಣಿಗೂ ಕಡಿಮೆ. ಇತ್ತ ನಮ್ಮ ರಸ್ತೆಯಲ್ಲಿ ಪಿಕಪ್ಪು, ಟ್ರ್ಯಾಕ್ಟರುಗಳು ಓಡಿ ಓಡಿ ಎರಡು ಜಾಡು ಆಳವಾಗಿ, ನಡುವೆ ದಿಂಡು ಎದ್ದು ನಿಂತಿರುತ್ತದೆ. ಆ ದಿಂಡಿನ ಮಣ್ಣು ಮಳೆಗೆ ತೊಳೆದುಹೋಗಿ ಒಳಗಿನ ಕಲ್ಲು ತಲೆ ಎತ್ತುತ್ತದೆ. ಚೇಂಬರ್ ಒಡೆಯುವುದು ಇಂಥ ಕಲ್ಲಿಗೇ.

ಆದ್ದರಿಂದ ಕಾರಿಗೆ ಕೈಹಚ್ಚುವ ಮೊದಲು ರಸ್ತೆಗೆ ಕೈಹಚ್ಚಿ ಎಂಬುದು ನನ್ನ ಸಲಹೆ. ನಾನು ಮಾಡಿದ್ದು ಇಷ್ಟೆ. ಮನೆಮಂದಿಯನ್ನೆಲ್ಲ ಕಾರಿನಲ್ಲಿ ಕೂರಿಸಿ, ಅಂಗಳದ ಸಮತಟ್ಟು ಜಾಗದಲ್ಲಿ ಬಗ್ಗಿ, ಅಡಿಯಲ್ಲಿ ಎಲ್ಲಕ್ಕಿಂತ ಕೆಳಗಿರುವ ಭಾಗ ಯಾವುದೆಂದು ನೋಡಿ ಅಳೆದೆ. 12 ಸೆಂಟಿಮೀಟರ್ ಬಂತು. ಅಡಿಕೆ ದಬ್ಬೆಯ ಒಂದು ತುಂಡನ್ನು ಎರಡು ಚಕ್ರಗಳ ಅಂತರಕ್ಕೆ ಕತ್ತರಿಸಿ, ಅದರ ಎರಡು ತುದಿಗೂ 12 ಸೆಂಟಿಮೀಟರಿನ ಕಾಲು ಹೊಡೆದೆ. ನೋಡಲು ಗಿಡ್ಡ ಬೆಂಚಿನಂತೆ. ಅದನ್ನು ಜಾಡುಗಳ ಮೇಲಿಟ್ಟುಕೊಂಡು ಹಾರೆ, ಸುತ್ತಿಗೆ ಸಹಿತ ಟಾರು ರಸ್ತೆಯವರೆಗೆ ನಡೆದೆ. ದಬ್ಬೆಗೆ ತಾಗಿದ ಕಲ್ಲು ಕಾರಿಗೂ ತಾಗುತ್ತದೆ. ಆ ಎರಡು ಕಿಲೋಮೀಟರಿನಲ್ಲಿ ತಾಗಿದ್ದು ಒಟ್ಟು ಹನ್ನೊಂದು ಕಡೆ. ಏಳು ಕಲ್ಲುಗಳನ್ನು ಎಬ್ಬಿಸಿದೆವು, ಮೂರನ್ನು ಒಡೆದೆವು. ಹನ್ನೊಂದನೆಯದು ಬಂಡೆ, ಅದರ ಎರಡೂ ಪಕ್ಕದ ಜಾಡಿಗೆ ಜಲ್ಲಿ ತುಂಬಿದೆವು. ಇಬ್ಬರು ಆಳುಗಳ ಒಂದು ದಿನದ ಕೂಲಿ. ಕಾರಿಗೆ ಸಂಬಂಧಪಟ್ಟು ನಾನು ಮಾಡಿದ ಖರ್ಚುಗಳಲ್ಲಿ ಇದರಷ್ಟು ಸಾರ್ಥಕವಾದದ್ದು ಬೇರೊಂದಿಲ್ಲ. ಈಗ ಪ್ರತಿವರ್ಷ ಮೇ ತಿಂಗಳಲ್ಲೊಮ್ಮೆ, ಆಗಸ್ಟಿನಲ್ಲೊಮ್ಮೆ ಆ ದಬ್ಬೆ ಹೊರಗೆ ಬರುತ್ತದೆ.

ಇಳಿಜಾರಿನಲ್ಲಿ ನೀರನ್ನು ಜಾಡಿನಿಂದ ಹೊರಕ್ಕೆ ತಿರುಗಿಸುವ ಅಡ್ಡ ಚರಂಡಿಗಳನ್ನು ಮಳೆಗೆ ಮುಂಚೆ ಬಿಡಿಸಿದರೆ ಕೊರಕಲು ಅರ್ಧಕ್ಕರ್ಧ ಕಡಿಮೆ. ಒಂದು ಎಚ್ಚರ: ಈ ಚರಂಡಿ ಜೀಪಿಗೆ ತೋಡಿದಂತೆ ಕಡಿದಾಗಿರಕೂಡದು. ಉದ್ದನೆಯ ಕಾರಿನ ಮೂತಿ ಇಳಿಯುವಾಗ, ಬಾಲ ಏರುವಾಗ ನೆಲಕ್ಕೆ ಉಜ್ಜುತ್ತದೆ. ಎರಡು ಕಡೆಯೂ ತಟ್ಟೆಯಂತೆ ಅಗಲವಾಗಿ, ರಸ್ತೆಗೆ ಓರೆಯಾಗಿ ತೋಡಬೇಕು. ದಾಟುವಾಗ ಕಾರನ್ನೂ ಓರೆಯಾಗಿ ಹಿಡಿದು ಒಂದೊಂದೇ ಚಕ್ರ ಇಳಿಸಿದರೆ ಹೊಟ್ಟೆ ಉಳಿಯುತ್ತದೆ.

ಇನ್ನು ಚೇಂಬರ್ ಗಾರ್ಡ್. ಎಂಜಿನ್ನಿನ ಕೆಳಗೆ ಕಂಪೆನಿ ಕೊಡುವ ಕಪ್ಪು ಪ್ಲಾಸ್ಟಿಕ್ ಹಾಳೆಯನ್ನೇ ಕೆಲವರು ಗಾರ್ಡ್ ಎಂದು ತಿಳಿದಿದ್ದಾರೆ. ಅದು ಕೆಸರು ಸಿಡಿಯದಿರಲಿಕ್ಕೆ, ಕಲ್ಲಿಗಲ್ಲ. ನಮಗೆ ಬೇಕಾದದ್ದು 3 ಮಿ.ಮೀ. ಕಬ್ಬಿಣದ ತಗಡು. ಪೇಟೆಯ ವೆಲ್ಡಿಂಗ್ ಅಂಗಡಿಯಲ್ಲಿ ಅಳತೆಗೆ ಮಾಡಿಕೊಡುತ್ತಾರೆ. ನನಗೆ ತಗಡು, ಕೂಲಿ ಸೇರಿ ನಾಲ್ಕೂವರೆ ಸಾವಿರವಾಯಿತು. ಎಂಬತ್ತು ಸೆಂ.ಮೀ. ಉದ್ದ, ಅರವತ್ತು ಸೆಂ.ಮೀ. ಅಗಲದ ತಗಡು ಹನ್ನೊಂದು ಕಿಲೋ ತೂಗುತ್ತದೆ. ಅದಕ್ಕಿಂತ ದಪ್ಪದ್ದು ಬೇಡ. ಮುಂದಿನ ಅಂಚನ್ನು ದೋಣಿಯ ಮೂತಿಯಂತೆ ಮೇಲಕ್ಕೆ ಬಗ್ಗಿಸಿರಬೇಕು, ಇಲ್ಲವಾದರೆ ಅದೇ ನೇಗಿಲಿನಂತೆ ಮಣ್ಣಿಗೆ ಕಚ್ಚುತ್ತದೆ. ಎಂಜಿನ್ ಕೂತಿರುವ ಕಬ್ಬಿಣದ ಚೌಕಟ್ಟಿಗೆ ಬೋಲ್ಟಿನಿಂದ ಬಿಗಿಯಬೇಕು, ವೆಲ್ಡ್ ಮಾಡಿಸಬಾರದು, ಚೇಂಬರಿಗೆ ತಾಗಿಸಲಂತೂ ಕೂಡದು. ನಡುವೆ ಎರಡು ಬೆರಳು ಸಂದು ಇರಲಿ. ಎಣ್ಣೆ ಬಿಡುವ ನಟ್ಟಿನ ನೇರಕ್ಕೆ ತೂತು ಬಿಡಿಸಿ. ನಾನು ಇದನ್ನು ಮರೆತು, ಎಣ್ಣೆ ಬದಲಿಸುವಾಗಲೆಲ್ಲ ತಗಡು ಬಿಚ್ಚುವ ಪಾಡು ಪಟ್ಟಿದ್ದೇನೆ. ಹಿಂಭಾಗ ತೆರೆದಿರಲಿ, ಗಾಳಿಯಾಡಬೇಕು, ಒಳಗೆ ಸೇರಿದ ಕೆಸರು, ದರಗು ತೊಳೆದು ಹೋಗಬೇಕು. ಬೇಸಿಗೆಯಲ್ಲಿ ಒಣದರಗು ಅಲ್ಲಿ ಸಿಕ್ಕಿಕೊಂಡರೆ ಬೆಂಕಿಯ ಭಯವೂ ಉಂಟು.

ಪೇಟೆಯ ಕಾರೇ ದೂರದ ಕಚ್ಚಾ ಹಾದಿಗೆ ಹೋದ ಉದಾಹರಣೆಗಳು ಇಲ್ಲದಿಲ್ಲ. 1968ರಲ್ಲಿ ಲಂಡನ್ನಿನಿಂದ ಸಿಡ್ನಿಯವರೆಗೆ ನಡೆದ ದೊಡ್ಡ ಮೋಟಾರು ಸ್ಪರ್ಧೆ ನಮ್ಮ ಬೊಂಬಾಯಿಯವರೆಗೆ ರಸ್ತೆಯಲ್ಲೇ ಬಂದು, ಅಲ್ಲಿಂದ ಹಡಗು ಹತ್ತಿ ಆಸ್ಟ್ರೇಲಿಯಕ್ಕೆ ಹೋಯಿತು. ಗೆದ್ದದ್ದು ಹಿಲ್ಮನ್ ಹಂಟರ್ ಎಂಬ ಸಂಸಾರಸ್ಥರ ಕಾರು. ಅಂಥ ಸ್ಪರ್ಧೆಯ ಕಾರುಗಳಲ್ಲೂ ಹೊಟ್ಟೆಗೆ ತಗಡಿನ ರಕ್ಷಣೆ ಮೊದಲನೆಯ ಸಿದ್ಧತೆಗಳಲ್ಲಿ ಒಂದು.

ಎತ್ತರಿಸುವ ವಿಷಯದಲ್ಲಿ ಗ್ಯಾರೇಜಿನವರು ಹೇಳುವುದನ್ನೆಲ್ಲ ನಂಬಬೇಡಿ. ಸ್ಪ್ರಿಂಗಿನ ಸುರುಳಿಗಳ ನಡುವೆ ಸಿಕ್ಕಿಸುವ ರಬ್ಬರ್ ಬಫರ್ ಅಗ್ಗ, ಹೌದು. ಆದರೆ ಅದು ಸಿಕ್ಕಿಸಿದ ಸುರುಳಿ ಕೆಲಸ ಮಾಡದೆ ಉಳಿದ ಸುರುಳಿಗಳ ಮೇಲೆ ಭಾರ ಬಿದ್ದು, ಕಾಲಕ್ರಮೇಣ ಸ್ಪ್ರಿಂಗೇ ತುಂಡಾಗುವ ಸಂಭವ ಹೆಚ್ಚು. ಸ್ಪ್ರಿಂಗಿನ ಮೇಲೋ ಕೆಳಗೋ ಇಡುವ ದಪ್ಪ ಬಿಲ್ಲೆಗಳು ಇನ್ನೊಂದು ವಿಧ. ನಾನು ಮೂರು ಸೆಂಟಿಮೀಟರಿನದನ್ನು ಹಾಕಿಸಿದೆ. ನೋಡಲು ಠೀವಿಯಾಯಿತು. ಎಂಟು ತಿಂಗಳಿಗೆ ಮುಂದಿನ ಟಯರುಗಳ ಒಳಅಂಚು ಸವೆದು ನೂಲು ಕಂಡಿತು. ಮುಂಚಕ್ರಕ್ಕೆ ಎಂಜಿನ್ನಿನಿಂದ ಶಕ್ತಿ ಒಯ್ಯುವ ಶಾಫ್ಟು ಹೆಚ್ಚು ಓರೆಯಾಗಿ ನಿಂತು, ಅದರ ರಬ್ಬರ್ ಬೂಟು ಹರಿದು, ಕೆಸರು ಹೊಕ್ಕು, ತಿರುಗಿಸಿದಾಗಲೆಲ್ಲ ‘ಕಟಕಟ’ ಎನ್ನತೊಡಗಿತು. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳನ್ನು ಇಳಿಯುವಾಗ ಕಾರು ಹೊರಕ್ಕೆ ವಾಲುವುದು ಕೂತವರಿಗೆಲ್ಲ ತಿಳಿಯುತ್ತಿತ್ತು. ಬಿಚ್ಚಿಸಿದೆ. ಅದರ ಬದಲು ಕುಗ್ಗಿದ್ದ ಹಳೆಯ ಸ್ಪ್ರಿಂಗುಗಳನ್ನು ತೆಗೆದು ಕಂಪೆನಿಯ ಹೊಸ ಸ್ಪ್ರಿಂಗ್, ಹೊಸ ಶಾಕ್ ಅಬ್ಸಾರ್ಬರ್ ಹಾಕಿಸಿದಾಗ ಒಂದೂವರೆ ಸೆಂಟಿಮೀಟರು ತಾನಾಗಿ ಮೇಲೆದ್ದಿತು. ಹಳೆಯ ಕಾರಿಗೆ ನಿಜವಾಗಿ ಬೇಕಾಗಿದ್ದದ್ದು ಅದೇ.

ಟಯರಿನ ಲೆಕ್ಕ ಸ್ವಲ್ಪ ಗಮನವಿಟ್ಟು ಓದಬೇಕು. ಒಂದೇ ಕಾರಿನ ಅಗ್ಗದ ಮಾದರಿಗೂ ದುಬಾರಿ ಮಾದರಿಗೂ ಕಂಪೆನಿ ಬೇರೆ ಬೇರೆ ಟಯರು ಕೊಟ್ಟಿರುತ್ತದೆ. ಡಿಜೈರಿನಲ್ಲಿ ಒಂದಕ್ಕೆ 165/80 ಆರ್ 14, ಇನ್ನೊಂದಕ್ಕೆ 185/65 ಆರ್ 15. ಮೊದಲನೆಯ ಅಂಕಿ ಮಿಲಿಮೀಟರಿನಲ್ಲಿ ಟಯರಿನ ಅಗಲ, ಎರಡನೆಯದು ಆ ಅಗಲದ ಶೇಕಡಾ ಎಷ್ಟು ಪಾಲು ಪಕ್ಕದ ಗೋಡೆಯ ಎತ್ತರ ಎಂಬುದು, ಕೊನೆಯದು ಅಂಗುಲದಲ್ಲಿ ರಿಮ್ಮಿನ ವ್ಯಾಸ. ಗುಣಿಸಿ ನೋಡಿದರೆ ಎರಡೂ ಚಕ್ರಗಳ ಒಟ್ಟು ಎತ್ತರ 62 ಸೆಂಟಿಮೀಟರೇ. ಆದರೆ ಅಗ್ಗದ ಮಾದರಿಯದರಲ್ಲಿ ರಬ್ಬರಿನ ಗೋಡೆ 132 ಮಿ.ಮೀ., ದುಬಾರಿಯದರಲ್ಲಿ 120. ನಮ್ಮ ಕಲ್ಲಿನ ಹಾದಿಗೆ ಗೋಡೆ ಎತ್ತರವಿದ್ದಷ್ಟೂ ರಿಮ್ಮಿಗೆ ಪೆಟ್ಟು ಕಡಿಮೆ. ಅಲ್ಲದೆ ಗಟ್ಟಿನೆಲದ ಮೇಲೆ ನಿಂತ ತೆಳು ಕೆಸರನ್ನು ಕಿರಿದಾದ ಟಯರು ಸೀಳಿಕೊಂಡು ತಳ ಮುಟ್ಟುತ್ತದೆ. ಅಗಲದ್ದು ಮೇಲೆಯೇ ತೇಲಿ ಜಾರುತ್ತದೆ. ಹೊಳೆಯುವ ಅಲಾಯ್ ಚಕ್ರಗಳಿರುವ ಕಾರು ಮನೆಗೆ ಬಂದಿದ್ದರೆ, ಅವನ್ನು ಮಾರಿ ಅದೇ ಕಾರಿನ ಕೆಳಮಾದರಿಯ ಕಬ್ಬಿಣದ ರಿಮ್ಮು, ಟಯರು ಕೊಂಡರೆ ಕೈಯಿಂದ ಹೆಚ್ಚೇನೂ ಹೋಗದು. ಮಗನಿಗೆ ಸ್ವಲ್ಪ ಬೇಸರವಾದೀತು. ಇದಕ್ಕಿಂತ ದೊಡ್ಡ ಟಯರು, ಉದಾಹರಣೆಗೆ 175/80, ಹಾಕಿಸಿದರೆ ಕಾರು ಏಳುವುದು ಬರೇ ಎಂಟು ಮಿಲಿಮೀಟರು. ಅಷ್ಟಕ್ಕಾಗಿ ಕಂಪೆನಿಯ ಪಟ್ಟಿ ಮೀರಬೇಕಾಗಿಲ್ಲ.

ಟಯರಿನ ಹಲ್ಲು 4 ಮಿ.ಮೀ.ಗಿಂತ ಸವೆದಿದ್ದರೆ ಟಾರಿನ ಮೇಲೆ ಇನ್ನೊಂದು ವರ್ಷ ಬಂದೀತು, ಕೆಸರಿನಲ್ಲಿ ಬಾರದು. ಬದಲಿಸುವುದಿದ್ದರೆ ಮೇ ತಿಂಗಳಲ್ಲಿ ಬದಲಿಸಿ, ನಾಲ್ಕನ್ನೂ ಒಟ್ಟಿಗೆ. ಕೆಸರಿನ ಏರು ಹತ್ತಬೇಕಾದಾಗ 32 ಪೌಂಡ್ ಗಾಳಿಯನ್ನು 22ಕ್ಕೆ ಇಳಿಸಿ ನೋಡಿ. ಟಯರು ನೆಲಕ್ಕೆ ಅಗಲವಾಗಿ ಕೂತು ಹಿಡಿತ ಕೊಡುವುದು ಕಣ್ಣಿಗೇ ಕಾಣುತ್ತದೆ. ಮೆಲ್ಲಗೆ ಓಡಿಸಬೇಕು, ಟಾರು ರಸ್ತೆ ಸಿಕ್ಕಿದೊಡನೆ ಮತ್ತೆ ತುಂಬಬೇಕು. ಅದಕ್ಕೊಂದು ಕಾಲುಪಂಪು, ಗಾಳಿ ಅಳೆಯುವ ಗೇಜು ಡಿಕ್ಕಿಯಲ್ಲಿರಲಿ. ಜೀಪಿನ ಸರಪಳಿಯನ್ನು ಮಾತ್ರ ಕಾರಿನ ಚಕ್ರಕ್ಕೆ ಕಟ್ಟಬೇಡಿ. ಚಕ್ರಕ್ಕೂ ಶಾಕ್ ಅಬ್ಸಾರ್ಬರಿಗೂ ನಡುವೆ ಅಷ್ಟು ಜಾಗವಿಲ್ಲ.

ನಮ್ಮ ಹಿರಿಯರಲ್ಲಿ ಅನೇಕರು ಅಂಬಾಸಿಡರ್ ಓಡಿಸಿ ಕಲಿತವರು. ಕೆಸರು ಬಂದರೆ ಡಿಕ್ಕಿಗೆ ಎರಡು ಮೂಟೆ ಕಲ್ಲು ಹಾಕು ಎಂಬುದು ಅವರ ಸೂತ್ರ. ಅಂಬಾಸಿಡರಿನಲ್ಲಿ ಎಳೆಯುತ್ತಿದ್ದದ್ದು ಹಿಂದಿನ ಚಕ್ರ, ಆದ್ದರಿಂದ ಅದು ಸರಿಯಾಗಿಯೇ ಇತ್ತು. ಒಂದೇ ಚಕ್ರ ಗಿರಗಿರ ತಿರುಗುವಾಗ ಹ್ಯಾಂಡ್ ಬ್ರೇಕನ್ನು ಎರಡು ಹಲ್ಲು ಎಳೆದರೆ ಇನ್ನೊಂದಕ್ಕೂ ಶಕ್ತಿ ಹೋಗುತ್ತಿತ್ತು. ಇಂದಿನ ಈ ಕಾರುಗಳಲ್ಲಿ ಎಳೆಯುವುದು ಮುಂದಿನ ಚಕ್ರ. ಖಾಲಿ ಕಾರಿನ ಭಾರದಲ್ಲಿ ನೂರಕ್ಕೆ ಸುಮಾರು ಅರವತ್ತು ಪಾಲು ಅವುಗಳ ಮೇಲೆಯೇ ಇರುತ್ತದೆ. ಡಿಕ್ಕಿಗೆ ಮೂಟೆ ತುಂಬಿದರೆ ಮುಂಭಾಗ ಹಗುರಾಗಿ ಇರುವ ಹಿಡಿತವೂ ತಪ್ಪುತ್ತದೆ. ಏರಿನಲ್ಲಂತೂ ಭಾರ ತಾನಾಗಿ ಹಿಂದಕ್ಕೆ ಸರಿಯುತ್ತದೆ. ಆದ್ದರಿಂದ ಏರು ಹತ್ತದಿದ್ದರೆ ಹಿಂದಿನ ಸೀಟಿನವರನ್ನೂ ಮೂಟೆಗಳನ್ನೂ ಇಳಿಸಿ. ಆಗಲೂ ಹತ್ತದಿದ್ದರೆ, ತಿರುಗಿಸಲು ಜಾಗವಿದ್ದಲ್ಲಿ, ಕಾರನ್ನು ತಿರುಗಿಸಿ ರಿವರ್ಸಿನಲ್ಲಿ ಹತ್ತಿಸಿ. ಆಗ ಎಳೆಯುವ ಚಕ್ರ ಕೆಳಗಿದ್ದು ಭಾರವೆಲ್ಲ ಅದರ ಮೇಲೆ ಬೀಳುತ್ತದೆ. ನಮ್ಮ ಮನೆಯ ಗೇಟಿನ ಮುಂದಿನ ಏರನ್ನು ಜುಲೈ ತಿಂಗಳಲ್ಲಿ ನಾನು ಹತ್ತುವುದು ಹೆಚ್ಚಾಗಿ ಹಿಮ್ಮುಖವಾಗಿಯೇ. ನೋಡಿದವರು ನಕ್ಕಿದ್ದಾರೆ. ಹ್ಯಾಂಡ್ ಬ್ರೇಕಿನ ಉಪಾಯ ಇಲ್ಲಿ ನಡೆಯದು, ಅದು ಹಿಂದಿನ ಚಕ್ರಕ್ಕೆ. ಬದಲಾಗಿ ಎಕ್ಸಿಲೇಟರ್ ಒತ್ತಿರುವಾಗಲೇ ಎಡಗಾಲಿನಿಂದ ಬ್ರೇಕನ್ನು ಹಗುರಾಗಿ ಮುಟ್ಟಿದರೆ ತಿರುಗುವ ಚಕ್ರ ನಿಧಾನವಾಗಿ ಇನ್ನೊಂದು ಎಳೆಯಲು ತೊಡಗುತ್ತದೆ. ಇದಕ್ಕೆ ಅಭ್ಯಾಸ ಬೇಕು. ಮೊದಲು ಅಂಗಳದಲ್ಲಿ ಕಲಿಯಿರಿ.

ಹೂತರೆ ಚಕ್ರದ ಕೆಳಗೆ ಗೋಣಿಚೀಲ ಉತ್ತಮ. ಅಡಿಕೆ ದಬ್ಬೆಯೂ ಆದೀತು. ಆದರೆ ಜಾಡಿನ ಉದ್ದಕ್ಕೆ ಇಟ್ಟರೆ ಜಾರುತ್ತದೆ, ಅಡ್ಡಕ್ಕೆ ಒತ್ತೊತ್ತಾಗಿ ಇಡಬೇಕು. ಸಿಬಿರು ಟಯರಿನ ಗೋಡೆಗೆ ಚುಚ್ಚದಂತೆ ಅಂಚು ಸವರಿರಬೇಕು. ಜಾಕಿನ ಕೆಳಗಿಡಲು ಒಂದು ಹಲಗೆ, ಹಗ್ಗ, ಗುದ್ದಲಿ, ಟಾರ್ಚು ಇವಿಷ್ಟು ಸದಾ ಡಿಕ್ಕಿಯಲ್ಲಿರಲಿ. ಎಳೆಯುವ ಹಗ್ಗವನ್ನು ಕಂಪೆನಿ ಕೊಟ್ಟ ಕೊಂಡಿಗೇ ಕಟ್ಟಿ, ಬಂಪರಿಗಲ್ಲ. ಎಳೆಯುವಾಗ ಹಗ್ಗದ ಹತ್ತಿರ ಯಾರೂ ನಿಲ್ಲಬಾರದು, ಮಕ್ಕಳಂತೂ ದೂರವಿರಲಿ.

ಈಗ ನೀರು. ಹಳ್ಳದ ಮೋರಿಯ ಮೇಲೆ ನೀರು ಹರಿಯುತ್ತಿದ್ದರೆ ನಿಂತುಬಿಡಿ. ಸುಮ್ಮನೆ ಹೆದರಿಸಲು ಹೇಳುತ್ತಿಲ್ಲ, ಲೆಕ್ಕವಿದೆ. ಇಂಥ ಕಾರಿನ ತೂಕ ಸುಮಾರು 900 ಕಿಲೋ. ಅದರ ತಳದ ವಿಸ್ತಾರ ಐದು ಚದರ ಮೀಟರೆಂದು ಹಿಡಿದರೆ, ತಳಕ್ಕೆ ತಾಗಿದ ಮೇಲೆ ಪ್ರತಿ ಹತ್ತು ಸೆಂಟಿಮೀಟರು ನೀರೂ ಕಾರನ್ನು 500 ಕಿಲೋ ಬಲದಿಂದ ಮೇಲಕ್ಕೆತ್ತುತ್ತದೆ. ಅಂದರೆ ನೀರಿನ ಆಳ ಒಂದೂಕಾಲು ಅಡಿ ಆಗುವಷ್ಟರಲ್ಲಿ ಕಾರು ತೇಲಲು ಹವಣಿಸುತ್ತಿರುತ್ತದೆ. ಚಕ್ರಕ್ಕೆ ಹಿಡಿತವೇ ಇರುವುದಿಲ್ಲ. ಹರಿವಿದ್ದರೆ ಅದಕ್ಕೂ ಮೊದಲೇ ಪಕ್ಕಕ್ಕೆ ತಳ್ಳುತ್ತದೆ. ನಿಂತ ನೀರಾದರೆ ಕೋಲಿನಿಂದ ಅಳೆದು, ಚಕ್ರದ ಅರ್ಧಕ್ಕಿಂತ ಸಾಕಷ್ಟು ಕೆಳಗಿದ್ದರೆ ಮಾತ್ರ ಮೊದಲನೆಯ ಗೇರಿನಲ್ಲಿ ಅಲೆಯೇಳದಂತೆ ದಾಟಬಹುದು. ನೀರಿನಲ್ಲಿ ಎಂಜಿನ್ ನಿಂತರೆ ಮತ್ತೆ ಚಾಲೂ ಮಾಡಲು ಹೋಗಲೇಬೇಡಿ. ಗಾಳಿಯ ಹಾದಿಯಲ್ಲಿ ನೀರು ಸಿಲಿಂಡರಿಗೆ ಹೋಗಿದ್ದರೆ, ನೀರು ಒತ್ತಿದರೆ ಕುಗ್ಗುವ ವಸ್ತುವಲ್ಲವಾದ್ದರಿಂದ, ಒಳಗಿನ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ತಳ್ಳಿ ಹೊರಕ್ಕೆ ತನ್ನಿ. ದಾಟಿದ ಮೇಲೆ ಬ್ರೇಕನ್ನು ಮೂರು ನಾಲ್ಕು ಸಲ ಹಗುರಾಗಿ ಒತ್ತಿ ಒಣಗಿಸಿಕೊಳ್ಳುವುದನ್ನು ಮರೆಯಬಾರದು.

ಕಾನೂನಿನ ಮಾತನ್ನೂ ಹೇಳಬೇಕು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಬದಲಿಸಕೂಡದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಇಂಥ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸಜೆ ಅಥವಾ ಎರಡನ್ನೂ ವಿಧಿಸಲು ಅವಕಾಶ ಮಾಡಲಾಗಿದೆ. ನಾನು ಕಂಪೆನಿಯ ಸ್ಪ್ರಿಂಗಿಗೂ ಪಟ್ಟಿಯಲ್ಲಿರುವ ಟಯರಿಗೂ ಅಂಟಿಕೊಂಡಿರುವುದಕ್ಕೆ ಇದೂ ಒಂದು ಕಾರಣ. ಅಪಘಾತವಾದಾಗ ವಿಮೆಯವರು ಮೊದಲು ನೋಡುವುದೂ ಇಂಥವನ್ನೇ. ಬಂಪರಿನ ಮುಂದೆ ಕಟ್ಟಿಸುವ ಕಬ್ಬಿಣದ ಕೊಳವೆಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿದೆ. ಕಾನೂನು ಹಾಗಿರಲಿ, ಗುದ್ದಿದಾಗ ಕುಗ್ಗಿ ಪೆಟ್ಟು ತಿನ್ನಬೇಕಾದ ಬಂಪರಿನ ಕೆಲಸವನ್ನು ಆ ಕೊಳವೆ ಕೆಡಿಸುತ್ತದೆ. ಪಾದಚಾರಿಗೆ ತಾಗಿದರೆ ಮೂಳೆ ಮುರಿಯುತ್ತದೆ.

ನನ್ನ ಲೆಕ್ಕಪುಸ್ತಕದಂತೆ ಗಾರ್ಡಿಗೆ ನಾಲ್ಕೂವರೆ ಸಾವಿರ, ನಾಲ್ಕು ಟಯರಿಗೆ ಹದಿನೆಂಟು ಸಾವಿರ, ಪಂಪು ಹಗ್ಗ ಇತ್ಯಾದಿಗೆ ಎರಡು ಸಾವಿರ, ರಸ್ತೆಗೆ ಇಬ್ಬರು ಆಳಿನ ಕೂಲಿ ಮತ್ತು ಒಂದು ಪಿಕಪ್ ಜಲ್ಲಿ. ಸ್ಪ್ರಿಂಗು, ಶಾಕ್ ಅಬ್ಸಾರ್ಬರಿನ ಖರ್ಚನ್ನು ಸೇರಿಸಿಲ್ಲ. ಹಳೆಯ ಕಾರಿಗೆ ಅದು ಹೇಗೂ ಬರುವಂಥದ್ದು. ಎಲ್ಲ ಒಮ್ಮೆಲೇ ಆಗದಿದ್ದವರು ಮೊದಲು ರಸ್ತೆಯ ಕಲ್ಲು, ಆಮೇಲೆ ಗಾರ್ಡು, ಅದರ ನಂತರ ಟಯರು, ಈ ಕ್ರಮದಲ್ಲಿ ಮಾಡಿಸಬಹುದು. ಇಷ್ಟೆಲ್ಲ ಮಾಡಿದ ಮೇಲೂ ಕೆಂಪು ಎಣ್ಣೆದೀಪ ಹತ್ತಿದರೆ ಆ ಕ್ಷಣವೇ ಎಂಜಿನ್ ಬಂದ್ ಮಾಡಿ ಇಳಿಯಿರಿ. ಜೀಪಿರುವ ನೆರೆಯವರ ಫೋನ್ ನಂಬರನ್ನು ಕಾರಿನಲ್ಲಿ ಕಾಗದದ ಮೇಲೂ ಬರೆದಿಟ್ಟಿರಿ. ನಮ್ಮಲ್ಲಿ ಮಳೆಗಾಲದಲ್ಲಿ ಸಿಗ್ನಲ್ ಎಲ್ಲಿ ಸಿಗುತ್ತದೆಂಬುದನ್ನೂ ಮೊದಲೇ ತಿಳಿದಿರಬೇಕು. ಆ ರಾತ್ರಿ ನಾನು ಅರ್ಧ ಮೈಲು ನಡೆದದ್ದು ಅದಕ್ಕಾಗಿಯೇ.

ಮೇಲೆ ಹೇಳಿದ ಕಾಲಿರುವ ದಬ್ಬೆಯ ಒಂದು ನಮೂನೆಯನ್ನೂ, ನನ್ನ ಕಾರಿನ ಗಾರ್ಡಿಗೆ ಕತ್ತರಿಸಿದ ರಟ್ಟಿನ ಅಚ್ಚನ್ನೂ ಸಂಘದ ಗೋಡೌನಿನಲ್ಲಿ ಇರಿಸಿದೆ. ಬೇಕಾದವರು ಸಂತೆಯ ದಿನ ಬಂದು ನೋಡಬಹುದು. ಹತ್ತು ಮಂದಿ ಒಟ್ಟಾದರೆ ತಗಡನ್ನು ಸಗಟು ದರದಲ್ಲಿ ತರಿಸುವ ಏರ್ಪಾಡು ಮಾಡಬಹುದಾಗಿದೆ. ಇಚ್ಛೆಯುಳ್ಳವರು ತಮ್ಮ ಕಾರಿನ ಮಾದರಿ ಮತ್ತು ವರ್ಷವನ್ನು ಏಪ್ರಿಲ್ ತಿಂಗಳೊಳಗೆ ಗುಮಾಸ್ತರಲ್ಲಿ ಬರೆಸಬೇಕಾಗಿ ವಿನಂತಿ.

— ಕಾರ್ಯದರ್ಶಿ